ಪಾಲು ಹಾಕುವ ಕೆರಿಯಪ್ಪನ ಹೆಬ್ಬೆರಳು

ನಮ್ಮ ದೊಡ್ಡಪ್ಪ ಕೆರಿಯಪ್ಪನ ಎಡಗಾಲಿನ ಹೆಬ್ಬೆರಳಿಗೆ ಕೋಲಸಿರ್ಸಿಯಲ್ಲಿ ಇದ್ದ ಮರ್ಯಾದೆ ಆ ಕಾಲದ ಪಂಚಾಯ್ತಿ ಮೆಂಬರಿಗೂ ಇರಲಿಲ್ಲ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಮೆಂಬರು ಬಂದರೆ ಜನ ಕೂತಲ್ಲೇ ಒಂಚೂರು ಸರಿದು ಜಾಗ ಕೊಡುತ್ತಿದ್ದರು. ದೊಡ್ಡಪ್ಪ ಕತ್ತಿ ಹಿಡಿದು ಬಂದರೆ ಎದ್ದು ನಿಂತು ಚಾಪೆ ಕೊಡವಿ ಹಾಸುತ್ತಿದ್ದರು.

ಹಾಗಂತ ದೊಡ್ಡಪ್ಪ ಮಾಂಸದ ಅಂಗಡಿಯವನಲ್ಲ. ಗದ್ದೆ ಮಾಡಿಕೊಂಡಿದ್ದ ಮನುಷ್ಯ. ಆದರೆ ನಮ್ಮ ಕೇರಿಯಲ್ಲಿ ಚೌಡಮ್ಮನಿಗೆ ಹರಕೆಯ ಕುರಿ ಕಡಿದಾಗಲೆಲ್ಲ, ಅದನ್ನು ತುಂಡು ಮಾಡಿ ಮನೆಮನೆಗೆ ಪಾಲು ಹಾಕುವ ಕೆಲಸ ಅವನದು. ಅವನ ಅಪ್ಪನೂ ಅದನ್ನೇ ಮಾಡುತ್ತಿದ್ದನಂತೆ. ಚೌಡಿಬನದ ನೆಲದ ಮೇಲೆ ಕೂತು, ಉದ್ದ ಕತ್ತಿಯ ಹಿಡಿಯನ್ನು ಎಡಗಾಲಿನ ಹೆಬ್ಬೆರಳಿಗೂ ಅದರ ಪಕ್ಕದ ಬೆರಳಿಗೂ ನಡುವಿನ ಸಂದಿಯಲ್ಲಿ ಸಿಗಿಸಿ, ಅಲಗನ್ನು ಮೇಲೆ ಮಾಡಿ ನಿಲ್ಲಿಸುತ್ತಿದ್ದ. ಆಮೇಲೆ ಎರಡೂ ಕೈಯಲ್ಲಿ ಮಾಂಸ ಹಿಡಿದು ಅಲಗಿಗೆ ಎಳೆಯುತ್ತ ಹೋದರೆ ಒಂದೇ ಅಳತೆಯ ತುಂಡುಗಳು ಎಲೆಯ ಮೇಲೆ ಬೀಳುತ್ತಿದ್ದವು. ಕತ್ತಿ ಒಂದಿಷ್ಟೂ ಅಲುಗುತ್ತಿರಲಿಲ್ಲ. ಅಲುಗದ ಹಾಗೆ ಹಿಡಿದುಕೊಳ್ಳುವುದೆಲ್ಲ ಆ ಹೆಬ್ಬೆರಳಿನ ಕೆಲಸ.

ತುಂಡು ಮಾಡಿದ ಮೇಲೆ ಮುತ್ತಲ ಎಲೆಗಳ ಮೇಲೆ ಪಾಲು ಬೀಳುತ್ತಿತ್ತು. ಒಂದೊಂದು ಎಲೆಗೂ ತೊಡೆಯದಿಷ್ಟು, ಪಕ್ಕೆಯದಿಷ್ಟು, ಕೊಬ್ಬಿಷ್ಟು, ಎಲುಬಿಷ್ಟು. ತಕ್ಕಡಿ ತರುವ ಹಾಗಿಲ್ಲ, ಅದು ಚೌಡಮ್ಮನಿಗೂ ಅವಮಾನ, ಪಾಲು ಹಾಕುವವನಿಗೂ ಅವಮಾನ. ಎಲ್ಲ ಮುಗಿದ ಮೇಲೆ ಒಬ್ಬನನ್ನು ಪಾಲಿಗೆ ಬೆನ್ನು ಹಾಕಿ ಕೂರಿಸುತ್ತಿದ್ದರು. ದೊಡ್ಡಪ್ಪ ಒಂದು ಗುಡ್ಡೆಯನ್ನು ಕೋಲಿನಿಂದ ಮುಟ್ಟಿ "ಇದು ಯಾರಿಗೆ?" ಎಂದು ಕೇಳುವುದು, ಅವನು ತಿರುಗಿ ನೋಡದೆ ಯಾವುದೋ ಒಂದು ಮನೆಯ ಹೆಸರು ಹೇಳುವುದು. ಹೀಗಾಗಿ ಯಾರಿಗೆ ಯಾವ ಗುಡ್ಡೆ ಬಂತು ಎಂದು ಯಾರನ್ನೂ ದೂರುವಂತಿಲ್ಲ. ಆದರೂ ನಮ್ಮ ಕೇರಿಯವರು ದೂರದೆ ಬಿಡುವ ಜನ ಅಲ್ಲ. ಮನೆಗೆ ಒಯ್ದು, ಬಿಚ್ಚಿ, ಪಕ್ಕದ ಮನೆಯ ಎಲೆಯಲ್ಲೂ ಇಣುಕಿ ನೋಡುತ್ತಿದ್ದರು. ಅಂಥವರ ಬಾಯಿಗೂ ದೊಡ್ಡಪ್ಪನ ಪಾಲಿನಲ್ಲಿ ಕೊರತೆ ಸಿಕ್ಕಿದ್ದಿಲ್ಲ. "ನನ್ನ ಕೈಯಾಗೆ ಯಾರಿಗೂ ಕಮ್ಮಿ ಆದ್ದು ಇಲ್ಲ," ಎಂದು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಸಿದ್ದಾಪುರದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಪರಿಚಿತರಿಗೂ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಪಾಲು ಹಾಕುವವನಿಗೆ ಕೂಲಿ ಅಂತ ಏನೂ ಇಲ್ಲ. ಒಂದು ಹಕ್ಕಿದೆ. ಕುರಿಯ ಕಲೀಜವನ್ನು ಅಲ್ಲೇ ಕೆಂಡದ ಮೇಲೆ ಉಪ್ಪು ಖಾರ ಸವರಿ ಸುಟ್ಟು, ಮೊದಲು ಅವನಿಗೆ ಕೊಡುತ್ತಾರೆ. ಅವನು ಬೇಕಾದಷ್ಟು ತಿಂದು ಬಿಟ್ಟದ್ದು ಉಳಿದ ಗಂಡಸರಿಗೆ. ಅವನು ತಿಂದ ಮೇಲೇ ಊರವರು ತಮ್ಮ ತಮ್ಮ ಎಲೆ ಎತ್ತಬೇಕು. ಅವನು ತಿನ್ನದಿದ್ದರೆ ಕುರಿಯಲ್ಲಿ ದೋಷ ಇದೆ ಅಂತಲೋ, ಪಾಲಿನಲ್ಲಿ ಮೋಸ ಇದೆ ಅಂತಲೋ ಅರ್ಥ, ಆಗ ಯಾರೂ ಎಲೆ ಮುಟ್ಟುವುದಿಲ್ಲ. ದೊಡ್ಡಪ್ಪ ಈ ಜವಾಬ್ದಾರಿಯನ್ನು ಬಹಳ ಶ್ರದ್ಧೆಯಿಂದ ನಡೆಸಿಕೊಂಡು ಬಂದಿದ್ದ. ಊರವರು ಕಾಯುತ್ತ ನಿಂತಿದ್ದರೂ ಅವಸರ ಮಾಡುತ್ತಿರಲಿಲ್ಲ.

ನಾನು ಪ್ರತಿಭಾ, ಕೆರಿಯಪ್ಪನ ತಮ್ಮನ ಮಗಳು. ಊರಿನ ಅಂಗನವಾಡಿ ಟೀಚರು. ಅಂಗನವಾಡಿ ಟೀಚರೆಂದರೆ ಮಕ್ಕಳಿಗೆ ಅನ್ನ ಬಡಿಸಿ ಹಾಡು ಹೇಳಿಕೊಡುವವಳು ಎಂದು ಹೊರಗಿನವರು ತಿಳಿದಿದ್ದಾರೆ. ನಾಲ್ಕಕ್ಷರ ಗೊತ್ತಿದ್ದ ತಪ್ಪಿಗೆ ಊರಿನ ಕಾಯಿಲೆಗಳೆಲ್ಲ ನನ್ನ ತಲೆಗೇ ಬಿದ್ದಿದ್ದವು. ಗುಳಿಗೆ ಯಾವುದು ಬೆಳಿಗ್ಗೆ, ಯಾವುದು ರಾತ್ರಿ ಎಂದು ಹೇಳಬೇಕು. ಹೇಳಿದ್ದನ್ನು ಯಾರೂ ಕೇಳದಿದ್ದಾಗ ಕೂಗಬೇಕು. ಕೂಗುವುದರಲ್ಲಿ ನನಗೆ ಒಳ್ಳೆ ಹೆಸರಿತ್ತು.

ತೊಂಬತ್ತೆಂಟನೇ ಇಸವಿಯೋ ಅದರ ಮರುವರ್ಷವೋ ಸಿದ್ದಾಪುರದಲ್ಲಿ ಪುಕ್ಕಟೆ ಕಣ್ಣಿನ ಶಿಬಿರ ಆಯಿತು. ದೊಡ್ಡಪ್ಪನ ಒಂದು ಕಣ್ಣಿಗೆ ಪೊರೆ ಬಂದಿತ್ತು. ನಾನೇ ಕರೆದುಕೊಂಡು ಹೋದೆ. ಆಪರೇಷನ್ನಿಗೆ ಮುಂಚೆ ರಕ್ತ ನೋಡಬೇಕೆಂದರು, ನೋಡಿದರು, ನೋಡಿದವರು ಇನ್ನೊಬ್ಬರನ್ನು ಕರೆದು ತೋರಿಸಿದರು. ಸಕ್ಕರೆ ಕಾಯಿಲೆ ವಿಪರೀತ ಇದೆ, ಮೊದಲು ಅದನ್ನು ಇಳಿಸಿಕೊಂಡು ಬನ್ನಿ ಎಂದು ವಾಪಸ್ಸು ಕಳಿಸಿದರು. ದೊಡ್ಡಪ್ಪನಿಗೆ ಅವಮಾನ ಆಯಿತು. "ಸಕ್ರೆ ನಾ ಮುಟ್ಟಾದೇ ಇಲ್ಲ, ಚಾಕ್ಕೂ ಬೆಲ್ಲ ಹಾಕ್ತಾಳೆ ನಿನ್ನ ದೊಡ್ಡಮ್ಮ. ಬ್ಯಾರೆ ಯಾರ್ದೋ ರಕ್ತ ನೋಡಿ ನಂದು ಅಂದಾರೆ," ಎಂದ. ಬಸ್‌ಸ್ಟ್ಯಾಂಡಿನವರೆಗೂ ಅದನ್ನೇ ಹೇಳಿದ. ನಾನು ಅವನ ತೋಳು ಹಿಡಿದು ಬಸ್ಸಿನ ಬದಲು ಡಾಕ್ಟರ್ ಶಶಾಂಕರ ದವಾಖಾನೆಗೆ ನಡೆಸಿದೆ.

ಶಶಾಂಕ ಡಾಕ್ಟ್ರು ತ್ಯಾಗಲಿಯ ವಿಘ್ನೇಶ್ವರ ಹೆಗಡೇರ ಮಗ. ಹೆಗಡೇರ ಮನೆಯ ಕೆಲಸಕ್ಕೆ ದೊಡ್ಡಪ್ಪ ಹರೆಯದಲ್ಲಿ ಹೋಗುತ್ತಿದ್ದ. ಹಾಗಾಗಿ ಡಾಕ್ಟ್ರನ್ನು ಚಡ್ಡಿಯಲ್ಲಿ ನೋಡಿದ್ದ. ಅಂಥವರ ಮುಂದೆ ಕೂತು ಕಾಯಿಲೆ ಒಪ್ಪಿಕೊಳ್ಳುವುದು ಅವನಿಗೆ ಸುಲಭ ಇರಲಿಲ್ಲ. ಡಾಕ್ಟ್ರಿಗೂ ಸುಲಭ ಇರಲಿಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಒಳಗೆ ಬಾರದ ಮನೆಯಲ್ಲಿ ಬೆಳೆದ ಮನುಷ್ಯ, ಮಾಂಸದ ವಿಚಾರ ಕೇಳುವಾಗ ಪೆನ್ನನ್ನೇ ನೋಡಿಕೊಂಡು ಕೇಳುತ್ತಿದ್ದರು.

"ಮಾಂಸ ತಿಂತೀರಾ ಕೆರಿಯಪ್ಪಣ್ಣ?"

"ತಿಂತೀನಿ."

"ಎಷ್ಟು ತಿಂತೀರಿ?"

ದೊಡ್ಡಪ್ಪ ನನ್ನ ಮುಖ ನೋಡಿದ. ಇಂಥ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. "ಹೊಟ್ಟೆ ತುಂಬಾಷ್ಟು," ಎಂದ.

"ಯಾವ ಭಾಗ ಹೆಚ್ಚು ತಿಂತೀರಿ?"

"ಕಲೀಜ."

"ಕಲೀಜ ಅಂದ್ರೆ?"

ದೊಡ್ಡಪ್ಪನಿಗೆ ಇದನ್ನು ಮಾತಿನಲ್ಲಿ ಹೇಳಲು ಬರಲಿಲ್ಲ. ಎದ್ದು ಹೋಗಿ ಡಾಕ್ಟ್ರ ಬಲಪಕ್ಕೆಯ ಕೆಳಗೆ ಬೆರಳೂರಿ ಒತ್ತಿ "ಇದು" ಎಂದ. ಡಾಕ್ಟ್ರು ಕುರ್ಚಿಯ ಸಮೇತ ಹಿಂದೆ ಸರಿದರು. ಗೊತ್ತಾಯಿತು ಎಂದರು.

ಆಮೇಲೆ ಸಮಾಧಾನವಾಗಿ ವಿವರಿಸಿದರು. ಕುರಿಯ ಮಾಂಸ, ಕೊಬ್ಬು ಇಂಥವನ್ನು ಪದೇ ಪದೇ, ಹೆಚ್ಚು ಹೆಚ್ಚು ತಿನ್ನುವ ದೊಡ್ಡವರಿಗೆ ಈ ಕಾಯಿಲೆ ಬರುವ ಸಂಭವ ಜಾಸ್ತಿ ಎಂದು ಈಗೀಗ ಗೊತ್ತಾಗುತ್ತಿದೆಯಂತೆ. ತಿಂದವರಿಗೆಲ್ಲ ಬರುತ್ತದೆ ಅಂತಲ್ಲ, ತಿನ್ನದವರಿಗೆ ಬರುವುದಿಲ್ಲ ಅಂತಲೂ ಅಲ್ಲ. ಮೈಯ ತೂಕ, ವಂಶ, ಅನ್ನದ ಗುಡ್ಡೆ, ಎಲ್ಲ ಸೇರಿ ಬರುವಂಥದ್ದು. ದೊಡ್ಡಪ್ಪ ಇಷ್ಟರಲ್ಲೇ ತನಗೆ ಬೇಕಾದ್ದನ್ನು ಹಿಡಿದುಕೊಂಡ.

"ಹೆಗಡೇರಿಗೂ ಸಕ್ರೆ ಕಾಯ್ಲೆ ಐತೆ ಅಂದ್ರಪ್ಪ. ಅವ್ರು ಯಾವ ಕುರಿ ತಿಂದ್ರು?"

ಡಾಕ್ಟ್ರು ಪೆನ್ನು ಕೆಳಗಿಟ್ಟರು. "ಅಪ್ಪಯ್ಯ ಬಂದ ದಾರಿ ಬೇರೆ. ಬಂದು ಮುಟ್ಟಿದ ಊರು ಒಂದೇ," ಎಂದರು. ಗುಳಿಗೆ ಬರೆದರು. ಮಟನ್ ಪೂರಾ ನಿಲ್ಲಿಸಬೇಕು, ಅನ್ನ ಕಡಿಮೆ ಮಾಡಬೇಕು, ಕಾಳು ಸೊಪ್ಪು ಜಾಸ್ತಿ ಮಾಡಬೇಕು, ಬೇಕಾದರೆ ಸ್ವಲ್ಪ ಮೀನು ತಿನ್ನಬಹುದು ಎಂದರು.

ದೊಡ್ಡಪ್ಪನ ಬಗ್ಗೆ ಒಂದು ಮಾತು ಹೇಳಲೇಬೇಕು. ಒಪ್ಪಿಕೊಂಡ ಮೇಲೆ ಅವನು ಹಿಂದೆ ಸರಿಯುವವನಲ್ಲ. ಭಾನುವಾರ ಸಿದ್ದಾಪುರದ ಮಟನ್ ಅಂಗಡಿಗೆ ಹೋಗುವುದನ್ನು ಅಂದಿನಿಂದಲೇ ಬಿಟ್ಟ. ಶಿರಸಿಯಲ್ಲಿ ಸಂಬಂಧಿಕರ ಬೀಗರ ಊಟಕ್ಕೆ ಹೋದವನು ಎಲೆಗೆ ಕೈ ಅಡ್ಡ ಹಿಡಿದು, "ಮಟನ್ ನಂಗೆ ಬ್ಯಾಡ, ಡಾಕ್ಟ್ರ ಆರ್ಡ್ರು," ಎಂದು ಪಂಕ್ತಿಗೆಲ್ಲ ಕೇಳುವ ಹಾಗೆ ಹೇಳಿ ಬರೀ ಅನ್ನ ಸಾರು ಉಂಡು ಬಂದ. ಜನ ಹೊಗಳಿದರು. ಇವನಷ್ಟು ಗಟ್ಟಿ ಮನಸ್ಸಿನವರು ಇಲ್ಲ ಎಂದರು. ದೊಡ್ಡಮ್ಮ ದುರ್ಗಮ್ಮ ಹುರುಳಿ ಸಾರು, ಬಸಳೆ ಹುಳಿ, ಹೆಸರುಕಾಳು ಪಲ್ಯ ಎಂದು ದಿನವೂ ಒಂದೊಂದು ಮಾಡಿ ಬಡಿಸಿದಳು.

ಆದರೆ ಸಕ್ಕರೆ ಇಳಿಯಲಿಲ್ಲ. ಒಂದು ಸಲ ಇಳಿದಂತೆ ಮಾಡಿ ಮುಂದಿನ ಸಲ ಮೇಲೆ ಹೋಗುತ್ತಿತ್ತು. ಡಾಕ್ಟ್ರು ಗುಳಿಗೆ ಬದಲಿಸಿದರು, ಆಮೇಲೆ ದೊಡ್ಡ ಗುಳಿಗೆ ಕೊಟ್ಟರು. ಹೀಗೇ ಮೂರ್ನಾಲ್ಕು ವರ್ಷ ನಡೆಯಿತು. ಕಣ್ಣಿನ ಆಪರೇಷನ್ ಮುಂದೆ ಹೋಗುತ್ತಲೇ ಇತ್ತು. ನನಗೆ ದೊಡ್ಡಪ್ಪನ ಮೇಲೆ ಅನುಮಾನ ಬಂತು. ಪೇಟೆಗೆ ಹೋದಾಗ ಖಾನಾವಳಿಯಲ್ಲಿ ಕದ್ದು ತಿನ್ನುತ್ತಿರಬೇಕು ಎಂದು ಒಂದು ದಿನ ಹಿಂದಿನಿಂದ ಹೋಗಿಯೂ ನೋಡಿದೆ. ಅವನು ಖಾನಾವಳಿಯ ಬಾಗಿಲಲ್ಲಿ ಮೂಗು ಮುಚ್ಚಿಕೊಂಡು ದಾಟಿ ಹೋದ. ದೊಡ್ಡಮ್ಮನನ್ನು ಕೇಳಿದರೆ ಅವಳು, "ಅಂಗಡಿ ಮಾಂಸ ನಮ್ಮನೆ ಒಲೆ ಕಂಡು ಯಾವ ಕಾಲ ಆತು," ಎಂದಳು. ಸುಳ್ಳು ಹೇಳುವ ಹೆಂಗಸಲ್ಲ ಅವಳು.

ಸತ್ಯ ತಿಳಿದದ್ದು ಸುಗ್ಗಿ ಮುಗಿದು ಹರಕೆಗಳು ಶುರುವಾದ ಮೇಲೆ. ಒಂದು ಮಧ್ಯಾಹ್ನ ಅಂಗನವಾಡಿ ಬಾಗಿಲು ಹಾಕಿಕೊಂಡು ಚೌಡಿಬನದ ಹಾದಿಯಲ್ಲಿ ಬರುತ್ತಿದ್ದೆ. ಮಡಿವಾಳಪ್ಪನ ಮನೆಯ ಹರಕೆ ನಡೆದಿತ್ತು. ದೊಡ್ಡಪ್ಪ ಕೆಂಡದ ಮುಂದೆ ಕೂತು, ಎಲೆಯ ತುಂಬ ಕಲೀಜ ಇಟ್ಟುಕೊಂಡು, ಕಣ್ಣು ಮುಚ್ಚಿ ಅಗಿಯುತ್ತಿದ್ದ. ಕಣ್ಣು ತೆರೆದಾಗ ನನ್ನನ್ನು ಕಂಡ. ಬೆದರಲಿಲ್ಲ. "ಬಾ ತಂಗಿ," ಎಂದ.

"ಇದೆಂತ ದೊಡ್ಡಪ್ಪ?"

"ಪರ್ಸಾದ."

"ಡಾಕ್ಟ್ರು ಮಾಂಸ ಬೇಡ ಅಂದಿಲ್ವಾ?"

"ಮಾಂಸ ಬಿಟ್ಟೀನಲ್ಲ. ನೀನೇ ಕಂಡೀಯ. ಇದು ಮಾಂಸ ಅಲ್ಲ, ಚೌಡಮ್ಮನ ಪಾಲು. ದೇವ್ರದ್ದು ಮೈಗೆ ಹತ್ತಾದಿಲ್ಲ."

ಅಲ್ಲಿದ್ದ ಗಂಡಸರೆಲ್ಲ ತಲೆಯಾಡಿಸಿದರು. ಮಟನ್ ಎಂದರೆ ಅಂಗಡಿಯಲ್ಲಿ ತೂಗಿ ತಂದದ್ದು, ಹರಕೆಯದು ಪ್ರಸಾದ ಎನ್ನುವುದು ಅವರಿಗೆಲ್ಲ ಹುಟ್ಟಿದಾಗಿನಿಂದ ಗೊತ್ತಿದ್ದ ವಿಷಯ. ಹರಕೆಯದನ್ನೂ ಮಾಂಸದ ಲೆಕ್ಕಕ್ಕೆ ಹಿಡಿಯಬೇಕೆಂದು ಇಷ್ಟು ವರ್ಷ ನನಗೂ ಹೊಳೆದಿರಲಿಲ್ಲ. ನಮ್ಮಲ್ಲಿ ಚೌಡಮ್ಮ ಇದ್ದಾಳೆ, ಜಟಕ ಇದ್ದಾನೆ, ಮಾಸ್ತಿ ಇದ್ದಾಳೆ, ಭೂತಪ್ಪ ಇದ್ದಾನೆ. ಎಮ್ಮೆ ಕರು ಹಾಕಿದರೆ ಹರಕೆ, ಮಗುವಿನ ಜ್ವರ ಬಿಟ್ಟರೆ ಹರಕೆ, ಮಗ ಹತ್ತನೇ ತರಗತಿ ಪಾಸಾದರೂ ಹರಕೆ. ಕೇರಿಯಲ್ಲಿ ಯಾರ ಮನೆಯದೇ ಇರಲಿ, ಪಾಲು ಹಾಕುವವನು ದೊಡ್ಡಪ್ಪ. ಬನದಲ್ಲಿ ಕಲೀಜ, ಮನೆಗೆ ಒಯ್ದ ಪಾಲಿನ ಸಾರು, ಮಾರನೆಯ ದಿನ ಅದರದೇ ತಂಗಳು. ಅಂಗಡಿಯ ಮಾಂಸ ಬಿಟ್ಟ ಮೇಲೆ ಭಕ್ತಿ ಬೇರೆ ಜಾಸ್ತಿಯಾಗಿತ್ತು. ಪಕ್ಕದ ಕೇರಿಯ ಹರಕೆಗೂ ಕರೆಯದೆ ಹೋಗುತ್ತಿದ್ದನಂತೆ. ನಾನು ಅಲ್ಲೇ ನಿಂತು, ಚೌಡಮ್ಮನಿಗೂ ಕೇಳುವ ಹಾಗೆ ಕೂಗಿದೆ.

ಮರುದಿನ ಅವನನ್ನು ಡಾಕ್ಟ್ರ ಮುಂದೆ ಕೂರಿಸಿ ಎಲ್ಲವನ್ನೂ ಹೇಳಿದೆ. ಅವರು ಸರಿಯಾಗಿ ಬೈಯಲಿ ಎಂದು ನನ್ನ ಆಸೆ. ಅವರು ಬೈಯಲಿಲ್ಲ, ಒಳಗಿನ ಕೋಣೆಯ ಕಡೆ ತಿರುಗಿ ಕರೆದರು. ವಿಘ್ನೇಶ್ವರ ಹೆಗಡೇರು ರಕ್ತ ಪರೀಕ್ಷೆಗೆ ಬಂದವರು ತೋಳಿಗೆ ಹತ್ತಿ ಒತ್ತಿಕೊಂಡು ಹೊರಗೆ ಬಂದರು.

"ಅಪ್ಪಯ್ಯ, ನಿನ್ನೆ ಸಿಹಿ ಎಂತಾದ್ರೂ ತಿಂದ್ಯ?" ಎಂದು ಡಾಕ್ಟ್ರು ಕೇಳಿದರು.

"ಇಲ್ಲೆ. ಆನು ಸಿಹಿ ಬಿಟ್ಟು ವರ್ಷಾತಲ ಮಾರಾಯ."

"ಪಂಚಕಜ್ಜಾಯ?"

"ಅದು ದೇವರ ಪ್ರಸಾದ. ಅದ್ಕೆಂತ ಲೆಕ್ಕ?"

ದೊಡ್ಡಪ್ಪ ಕೂತಲ್ಲಿಂದ ಎದ್ದು, "ಹಂಗೆ ಹೇಳಿ ಹೆಗಡೇರೆ," ಎಂದ. ಇಬ್ಬರು ಮುದುಕರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಎಷ್ಟೋ ವರ್ಷದ ಮೇಲೆ ತನ್ನ ಮಾತು ತಿಳಿಯುವವರು ಒಬ್ಬರು ಸಿಕ್ಕರು ಎನ್ನುವ ಸಂತೋಷ ಇಬ್ಬರ ಮುಖದಲ್ಲೂ ಇತ್ತು. ಹೆಗಡೇರು ಬೆಂಚಿನ ಮೇಲೆ ಸರಿದು ದೊಡ್ಡಪ್ಪನಿಗೆ ಜಾಗ ಮಾಡಿಕೊಟ್ಟು, "ಈಗಿನ ಹುಡುಗರಿಗೆ ಇದೆಲ್ಲ ತಿಳಿಯೋದಿಲ್ಲ ಕೆರಿಯಪ್ಪ," ಎಂದರು.

"ರಕ್ತಕ್ಕೂ ತಿಳಿಯೋದಿಲ್ಲ," ಎಂದರು ಡಾಕ್ಟ್ರು. "ಇದು ಅಂಗಡೀದು, ಇದು ದೇವರದು ಅಂತ ಅದು ಕೇಳೋದಿಲ್ಲ. ಎಲ್ಲಿ, ಚಪ್ಪಲಿ ತೆಗೀರಿ, ಕಾಲು ನೋಡ್ತೇನೆ."

ಎಡಗಾಲಿನ ಹೆಬ್ಬೆರಳಿನ ಸಂದಿಯಲ್ಲಿ, ಕತ್ತಿಯ ಹಿಡಿ ಉಜ್ಜುವ ಜಾಗದಲ್ಲೇ, ಒಂದು ಹುಣ್ಣಿತ್ತು. ಅಂಚೆಲ್ಲ ಕಪ್ಪಾಗಿತ್ತು. ಯಾವಾಗ ಆಯಿತೆಂದು ಡಾಕ್ಟ್ರು ಕೇಳಿದರೆ ದೊಡ್ಡಪ್ಪ ಅದನ್ನು ಮೊದಲ ಸಲ ನೋಡುವವನ ಹಾಗೆ ಬಗ್ಗಿ ನೋಡಿದ. ನೋವೇ ಇಲ್ಲ ಎಂದ. ನೋವಿಲ್ಲ ಎಂದದ್ದಕ್ಕೇ ಡಾಕ್ಟ್ರ ಮುಖ ಸಣ್ಣದಾಯಿತು. ಬೆರಳನ್ನು ಒತ್ತಿ, ಸೂಜಿಯಿಂದ ಚುಚ್ಚಿ ನೋಡಿದರು. ಆಮೇಲೆ ನಗು ಇಲ್ಲದೆ ಹೇಳಿದರು. ಸಕ್ಕರೆ ಇಳಿದರೆ ಈ ಹುಣ್ಣು ಒಣಗುತ್ತದೆ, ಇಳಿಯದಿದ್ದರೆ ಬೆರಳನ್ನೇ ತೆಗೆಯಬೇಕಾಗುತ್ತದೆ.

"ಯಾವ ಬೆರಳು?"

"ಇದೇ. ಹೆಬ್ಬೆರಳು."

ಬಸ್ಸಿನಲ್ಲಿ ದೊಡ್ಡಪ್ಪ ಪಕ್ಕದವರನ್ನು ಬಿಟ್ಟು ತನ್ನ ಹೆಬ್ಬೆರಳನ್ನೇ ನೋಡುತ್ತ ಕೂತ. ಕೋಲಸಿರ್ಸಿಯಲ್ಲಿ ಇಳಿದ ಮೇಲೆ ನನ್ನನ್ನು ನಿಲ್ಲಿಸಿ, "ಬಲಗಾಲಿಂದು ತಗಳ್ಳಿ ಅಂತ ಹೇಳಕ್ಕೆ ಬರ್ತದಾ?" ಎಂದು ಕೇಳಿದ. ತಮಾಷೆ ಮಾಡುತ್ತಿರಲಿಲ್ಲ. ನನಗೆ ನಗು ಬಂತು, ನಗುವಾಗಲೇ ಕಣ್ಣಲ್ಲಿ ನೀರೂ ಬಂತು. ಸಾಯುವ ಮಾತು ಬಂದಿದ್ದರೆ ಅವನು ಇಷ್ಟು ಹೆದರುತ್ತಿರಲಿಲ್ಲ. ಹೆಬ್ಬೆರಳು ಹೋದರೆ ಕತ್ತಿ ನಿಲ್ಲುವುದಿಲ್ಲ. ಕತ್ತಿ ನಿಲ್ಲದಿದ್ದರೆ ಪಾಲು ಹಾಕುವ ಕೆಲಸ ಮೇಲಿನ ಕೇರಿಯ ಮಂಜನಿಗೆ ಹೋಗುತ್ತದೆ.

ಮಂಜನ ಬಗ್ಗೆ ದೊಡ್ಡಪ್ಪನ ಅಭಿಪ್ರಾಯ ಒಳ್ಳೆಯದಿರಲಿಲ್ಲ. ಅವನು ಕೊರಡಿನ ಮೇಲಿಟ್ಟು ಮಚ್ಚಿನಲ್ಲಿ ಕೊಚ್ಚುತ್ತಿದ್ದ. ಎಲುಬಿನ ಚೂರು ಸಾರಿನಲ್ಲಿ ಸಿಕ್ಕಿ ಊರವರ ಹಲ್ಲು ಮುರಿಯುತ್ತದೆ ಎಂದು ದೊಡ್ಡಪ್ಪ ಹೇಳುತ್ತಿದ್ದ. ಅದಕ್ಕಿಂತ ಹೆಚ್ಚಾಗಿ, ಮಂಜ ಪಾಲು ಹಾಕಿದಲ್ಲೆಲ್ಲ ಒಂದು ಗುಡ್ಡೆ ಎತ್ತರ ಇರುತ್ತಿತ್ತು, ಬೆನ್ನು ಹಾಕಿ ಕೂತವನು ಹೇಗೋ ಏನೋ ಆ ಗುಡ್ಡೆಗೆ ಮಂಜನ ಮಾವನ ಮನೆಯ ಹೆಸರನ್ನೇ ಹೇಳುತ್ತಿದ್ದ.

ಮೊದಲು ದೊಡ್ಡಪ್ಪ ಬಲಗಾಲನ್ನು ಪಳಗಿಸಲು ನೋಡಿದ. ಅಂಗಳದಲ್ಲಿ ಕೂತು ಬಲಗಾಲಿನ ಸಂದಿಗೆ ಕತ್ತಿ ಸಿಗಿಸಿ ಒಂದು ದೊಡ್ಡ ಮೊಗೆಕಾಯಿಯನ್ನು ಎಳೆದ. ಕತ್ತಿ ವಾಲಿತು, ಮೊಗೆಕಾಯಿ ಒಂದು ಕಡೆ ಹಪ್ಪಳದಷ್ಟು ತೆಳ್ಳಗೂ ಇನ್ನೊಂದು ಕಡೆ ಮಣೆಯಷ್ಟು ದಪ್ಪಗೂ ಆಯಿತು. ದೊಡ್ಡಮ್ಮ ಅದನ್ನೇ ಆರಿಸಿಕೊಂಡು ಹುಳಿ ಮಾಡಿದಳು. ಊಟಕ್ಕೆ ಕೂತ ದೊಡ್ಡಪ್ಪ ತಟ್ಟೆಯಲ್ಲಿ ಆ ಹೋಳುಗಳನ್ನು ಕಂಡು ಸಿಟ್ಟು ಮಾಡಿಕೊಂಡು ಎದ್ದ.

ಆಮೇಲೆ ಬೇರೆ ದಾರಿ ಉಳಿಯಲಿಲ್ಲ. ಪ್ರಸಾದವನ್ನೂ ಬಿಟ್ಟ. ಕಾಲು ಸರಿ ಇಲ್ಲ ಎಂಬ ನೆಪದಲ್ಲಿ ಆ ಮಳೆಗಾಲವೆಲ್ಲ ಒಂದು ಹರಕೆಗೂ ಹೋಗಲಿಲ್ಲ. ಮಂಜ ಮಚ್ಚಿನಲ್ಲಿ ಕೊಚ್ಚಿದ. ಮನೆಗೆ ಬಂದ ಪಾಲನ್ನು ದೊಡ್ಡಮ್ಮ ಒಲೆಯ ಮೇಲಿಡದೆ ನಮ್ಮ ಮನೆಗೆ ಕೊಡುತ್ತಿದ್ದಳು. ಅವನ ಮೂಗಿಗೆ ವಾಸನೆ ಹೋಗಬಾರದು ಎಂದು ನಾವು ಅದನ್ನು ಕಿಟಕಿ ಮುಚ್ಚಿ ಬೇಯಿಸುತ್ತಿದ್ದೆವು. ನಾನು ಡಾಕ್ಟ್ರು ಹೇಳಿಕೊಟ್ಟಂತೆ ಹುಣ್ಣು ತೊಳೆದು ಪಟ್ಟಿ ಕಟ್ಟುತ್ತಿದ್ದೆ. ಮಗುವಿಗೆ ಸ್ನಾನ ಮಾಡಿಸುವಾಗ ತಾಯಿ ನೋಡುವ ಹಾಗೆ ದೊಡ್ಡಪ್ಪ ಆ ಬೆರಳನ್ನು ನೋಡುತ್ತ ಕೂರುತ್ತಿದ್ದ. ಹುಣ್ಣು ಮೆಲ್ಲಗೆ ಕೂಡಿಕೊಂಡಿತು. ದೀಪಾವಳಿ ಕಳೆಯುವ ಹೊತ್ತಿಗೆ ಡಾಕ್ಟ್ರು ಒತ್ತಿ ನೋಡಿ, ಬಟ್ಟೆ ಸುತ್ತಿಕೊಂಡು ಕತ್ತಿ ಹಿಡಿಯಬಹುದು, ಆದರೆ ಒಂದು ತುಂಡೂ ಬಾಯಿಗೆ ಹೋಗಬಾರದು ಎಂದರು.

ಡಾಕ್ಟ್ರಿಗೆ ನಮ್ಮ ಪದ್ಧತಿ ಗೊತ್ತಿಲ್ಲ. ಕತ್ತಿ ಹಿಡಿದವನು ತಿನ್ನಲೇಬೇಕು. ಚೂರೇ ಚೂರು ತಿಂದರೆ ಸಾಕಲ್ಲ ಎಂದು ದೊಡ್ಡಮ್ಮ ಅಂದಳು. ದೊಡ್ಡಪ್ಪನೇ ಬೇಡ ಎಂದ. "ನನ್ನ ನಾಲ್ಗೆ ನಂಗೆ ಗೊತ್ತು. ಚೂರು ಬಿಟ್ರೆ ಎಲೆ ನೆಕ್ತದೆ," ಎಂದ.

ಸುಗ್ಗಿಯ ನಂತರ ಹೊನ್ನನ ಮನೆಯ ಹರಕೆ ಬಂತು. ಹೊನ್ನನ ಮಗಳ ಹೆರಿಗೆ ಕಷ್ಟವಾಗಿ ತಾಯಿ ಮಗು ಇಬ್ಬರೂ ಉಳಿದಿದ್ದರು. ಹೊನ್ನ ಮನೆಗೇ ಬಂದು, ಪಾಲು ನೀನೇ ಹಾಕಬೇಕು ಎಂದು ಕೈ ಹಿಡಿದುಕೊಂಡ. ದೊಡ್ಡಪ್ಪ ಹೂಂ ಎಂದುಬಿಟ್ಟ. ತಿನ್ನುವ ಮಾತು ಏನು ಮಾಡುತ್ತೀಯ ಎಂದು ಕೇಳಿದರೆ ಕತ್ತಿ ಮಸೆಯುತ್ತ ಕೂತ. ಬನಕ್ಕೆ ಹೋಗುವ ಹೊತ್ತಿಗೂ ಅದು ತೀರ್ಮಾನ ಆಗಿರಲಿಲ್ಲ.

ಅವತ್ತಿನ ಕೆಲಸ ಮಾತ್ರ ನೋಡುವಂತಿತ್ತು. ಬೆರಳಿಗೆ ಬಟ್ಟೆ ಸುತ್ತಿದ್ದರೂ ಕತ್ತಿ ಅಲುಗಲಿಲ್ಲ. ಮಳೆಗಾಲವಿಡೀ ಎಲುಬಿನ ಚೂರು ಉಗುಳಿ ಉಗುಳಿ ಬೇಸತ್ತ ಜನ ಸುತ್ತ ನಿಂತು ಮೆಚ್ಚಿ ನೋಡಿದರು. ಗುಡ್ಡೆಗಳು ಬಿದ್ದವು, ಹೆಸರುಗಳು ಆದವು. ಆಮೇಲೆ ಹೊನ್ನ ಎಲೆಯಲ್ಲಿ ಸುಟ್ಟ ಕಲೀಜ ತಂದು ದೊಡ್ಡಪ್ಪನ ಮುಂದಿಟ್ಟ. ದೊಡ್ಡಪ್ಪನ ಕೈ ತಾನಾಗಿಯೇ ಮುಂದೆ ಹೋಯಿತು, ಅರ್ಧದಲ್ಲಿ ನಿಂತಿತು.

"ತಿನ್ನು ಕೆರಿಯಪ್ಪಣ್ಣ, ಮಕ್ಳು ಹಸ್ಕಂಡು ಕೂತಾವೆ," ಎಂದ ಹೊನ್ನ.

ದೊಡ್ಡಪ್ಪ ತಿನ್ನಲಿಲ್ಲ. ಯಾರೂ ಎಲೆ ಮುಟ್ಟಲಿಲ್ಲ. ಮಂಜ ಕೈಕಟ್ಟಿ ಮರಕ್ಕೆ ಒರಗಿ ನಿಂತಿದ್ದ. "ಪಾಲು ಹಾಕ್ದೋನೇ ತಿನ್ನದಿದ್ರೆ ನಾವು ಹೆಂಗೆ ತಿನ್ನಾದು? ತಿನ್ನಕಾಗದೋನು ಕತ್ತಿ ಯಾಕೆ ಹಿಡೀಬೇಕು?" ಎಂದ. ಮಾತು ಕೆಟ್ಟದ್ದೇ ಆದರೂ ಪದ್ಧತಿಯ ಪ್ರಕಾರ ತಪ್ಪಲ್ಲ. ಒಬ್ಬಿಬ್ಬರು ಹೌದು ಹೌದು ಎಂದರು. ದೊಡ್ಡಪ್ಪ ಬಟ್ಟೆ ಸುತ್ತಿದ ಬೆರಳನ್ನು ನೋಡಿದ, ಎಲೆಯನ್ನು ನೋಡಿದ. ತಿಂದೇ ಬಿಡುತ್ತಾನೆ ಎಂದು ನನಗೆ ಅನ್ನಿಸಿತು. ಕೂಗಲು ಬಾಯಿ ತೆರೆದೆ.

ಅಷ್ಟರಲ್ಲಿ ಅವನು, "ದುರ್ಗೀ, ಬಾ ಇಲ್ಲಿ," ಎಂದ.

ದೊಡ್ಡಮ್ಮ ಬನದ ಅಂಚಿನಲ್ಲಿ ಹೆಂಗಸರ ಜೊತೆ ಅಕ್ಕಿ ತೊಳೆಯುತ್ತಿದ್ದಳು. ಗಂಡನಿಗೆ ತಲೆ ಸುತ್ತು ಬಂತೆಂದು ತಿಳಿದು ಒದ್ದೆ ಕೈಯಲ್ಲೇ ಓಡಿ ಬಂದಳು. ದೊಡ್ಡಪ್ಪ ಎಲೆಯನ್ನು ಅವಳ ಕಡೆ ಸರಿಸಿದ.

"ನನ್ನ ಲೆಕ್ಕದಾಗೆ ನೀನು ತಿನ್ನು."

ಬನದ ಕಲೀಜವನ್ನು ಹೆಂಗಸರು ತಿಂದದ್ದಿಲ್ಲ. ತಿನ್ನಬಾರದು ಎಂದು ಯಾರೂ ಹೇಳಿದ್ದೂ ಇಲ್ಲ, ಅವರ ತನಕ ಅದು ಬಂದದ್ದೇ ಇಲ್ಲ. ಮಂಜ ಮರ ಬಿಟ್ಟು ಮುಂದೆ ಬಂದ. "ಹೆಂಗಸ್ರು ತಿಂದ್ರೆ ಚೌಡಮ್ಮಂಗೆ ಆಗ್ತದಾ?"

"ಚೌಡಮ್ಮ ಎಂತ ಗಂಡಸಾ?" ಎಂದ ದೊಡ್ಡಪ್ಪ.

ಮಂಜ ಹೊನ್ನನನ್ನು ನೋಡಿದ, ಹೊನ್ನ ಪೂಜೆ ಮಾಡಿದವನನ್ನು ನೋಡಿದ, ಪೂಜೆ ಮಾಡಿದವನು ಮರದ ಬುಡದಲ್ಲಿ ಕುಂಕುಮ ಹಚ್ಚಿದ ಕಲ್ಲನ್ನು ನೋಡಿದ. ಎಲ್ಲರಿಗೂ ಹಸಿವಾಗಿತ್ತು. ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು, ಒಂದು ತುಂಡು ಎತ್ತಿ ಬಾಯಿಗಿಟ್ಟಳು. ಬಹಳ ಹೊತ್ತು ಅಗಿದಳು. ಕೇರಿಗೆ ಕೇರಿಯೇ ಅವಳ ಬಾಯಿ ನೋಡುತ್ತ ನಿಂತಿತ್ತು.

"ಉಪ್ಪು ಕಮ್ಮಿ ಆಗೈತೆ," ಎಂದಳು ದೊಡ್ಡಮ್ಮ. ಇನ್ನೊಂದು ತುಂಡು ಎತ್ತಿಕೊಂಡಳು. "ಹಿಂಗಿರ್ತದಾ ಇದು?"

ಹೆಂಗಸರ ಕಡೆಯಿಂದ ನಗು ಎದ್ದಿತು. ಹೊನ್ನ ತನ್ನ ಎಲೆ ಎತ್ತಿದ. ಅವನ ಹಿಂದೆ ಎಲ್ಲರೂ ಎತ್ತಿದರು, ಕೊನೆಗೆ ಮಂಜನೂ ಎತ್ತಿದ. ಹೆಬ್ಬೆರಳೂ ಉಳಿಯಿತು, ಕತ್ತಿಯೂ ಉಳಿಯಿತು. ನಾನು ಖುಷಿಯಲ್ಲಿ ದೊಡ್ಡಪ್ಪನ ಹತ್ತಿರ ಹೋದರೆ ಅವನ ಮುಖದಲ್ಲಿ ಖುಷಿ ಇರಲಿಲ್ಲ. ಎರಡು ಗುಡ್ಡೆಗಳಲ್ಲಿ ಯಾವುದು ಸಣ್ಣದಾಯಿತು ಎಂದು ನೋಡುವಾಗಿನ ಮುಖ ಮಾಡಿಕೊಂಡು ಹೆಂಡತಿಯನ್ನೇ ನೋಡುತ್ತಿದ್ದ.

"ನೀನು ಇದನ್ನ ಯಾವತ್ತೂ ತಿಂದೇ ಇಲ್ವಾ?"

"ಯಾವಾಗ ತಿನ್ನಾದು?" ಎಂದಳು ಅವಳು, ಬಾಯಿ ತುಂಬಿಕೊಂಡೇ.

ಮನೆಗೆ ಬಂದ ಪಾಲನ್ನು ಅವತ್ತು ದೊಡ್ಡಮ್ಮ ತನ್ನ ಒಲೆಯ ಮೇಲೇ ಬೇಯಿಸಿದಳು. ಈಗ ವಾಸನೆಗೆ ಹೆದರಬೇಕಾಗಿಲ್ಲ ಎಂದು ದೊಡ್ಡಪ್ಪನೇ ಹೇಳಿದ್ದ. ನನ್ನನ್ನೂ ಊಟಕ್ಕೆ ಕರೆದಿದ್ದರು. ದೊಡ್ಡಪ್ಪನಿಗೆ ಹುರುಳಿ ಸಾರು, ಅಳತೆಯ ಅನ್ನ ಬಡಿಸಿದಳು. ನನಗೆ ಬಡಿಸಿದಳು. ಆಮೇಲೆ ಎಂದಿನ ಹಾಗೆ ಒಲೆಯ ಪಕ್ಕ ಪಾತ್ರೆ ಎಳೆದುಕೊಂಡು ಕೂತಳು. ನಮ್ಮ ಕೇರಿಯ ಎಲ್ಲ ಮನೆಯಲ್ಲೂ ಹೀಗೇ. ಗಂಡಸರದ್ದಾದ ಮೇಲೆ ಮಕ್ಕಳದ್ದು, ಕೊನೆಗೆ ಪಾತ್ರೆಯ ತಳ ಹೆಂಗಸರದ್ದು. ತಳದಲ್ಲಿ ಸಾರಿರುತ್ತದೆ, ಎಲುಬಿರುತ್ತದೆ, ಒಂದೆರಡು ಕೊಬ್ಬಿನ ಚೂರಿರುತ್ತದೆ. ನನ್ನ ಅವ್ವ ಜೀವಮಾನವಿಡೀ ಹಾಗೇ ಉಂಡಳು. ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ದೊಡ್ಡಪ್ಪ ತಟ್ಟೆ ಬಿಟ್ಟು ಎದ್ದು ಹೋಗಿ ಪಾತ್ರೆಯಲ್ಲಿ ಇಣುಕಿದ. ಅವನು ತಿನ್ನುವುದನ್ನು ಬಿಟ್ಟಿದ್ದರಿಂದ ಪಾತ್ರೆಯ ಮುಕ್ಕಾಲು ಹಾಗೇ ಇತ್ತು. ಗುಡ್ಡೆಯನ್ನು ಕಣ್ಣಲ್ಲೇ ಅಳೆಯುವ ಮನುಷ್ಯನಿಗೆ ಬೇರೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಅಳೆದ. ಮತ್ತೊಂದು ಸಲ ಅಳೆದ. ಅವನ ಮುಖ ನೋಡಲು ನನಗೆ ಆಗಲಿಲ್ಲ.

"ದುರ್ಗೀ, ಇದ್ರಾಗೆ ನಿಂದೂ ಒಂದು ಪಾಲು ಐತಲ್ಲ. ಇಷ್ಟು ವರ್ಷ ಅದು ಎಲ್ಲಿ ಹೋಗ್ತಿತ್ತು?"

ದೊಡ್ಡಮ್ಮ ತನ್ನ ತಟ್ಟೆಗೆ ಒಳ್ಳೆಯದೊಂದು ತೊಡೆಯ ತುಂಡು ಹಾಕಿಕೊಂಡಳು. ಅದರ ಮೇಲೆ ಸಾರು ಬಡಿಸಿಕೊಂಡಳು. ಸಿಟ್ಟಿಲ್ಲದೆ, ಅವಸರ ಇಲ್ಲದೆ ಹೇಳಿದಳು.

"ಎಲ್ಲಿ ಹೋಗ್ತದೆ? ನಿಮ್ಮ ರಕ್ತದಾಗೇ ಐತೆ. ಡಾಕ್ಟ್ರು ಪ್ರತೀ ಸಲ ತೆಗ್ದು ನೋಡಿ ಜಾಸ್ತಿ ಆಗೈತೆ ಅಂತಾರಲ್ಲ, ಅದು ನಂದೇ."